ಲೀಡರ್ ಎಂದರೆ ನಾಯಕನಲ್ಲ: ಐರ್ಲೆಂಡಿನ ಸ್ಥಳೀಯ ಅಭಿವೃದ್ಧಿ ಕಂಪನಿಗಳು

ಐರ್ಲೆಂಡಿನ ಗ್ರಾಮೀಣ ಬದುಕಿನ ಕುರಿತು ಕನ್ನಡದಲ್ಲಿ ಬರುವ ಬರಹಗಳಲ್ಲಿ ‘ಲೀಡರ್’ ಎಂಬ ಐರೋಪ್ಯ ಯೋಜನೆಯನ್ನು ‘ನಾಯಕತ್ವ ಯೋಜನೆ’ ಎಂದು ಬರೆಯುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಹಾಗೆ ಬರೆದವರು ಮುಂದಿನ ವಾಕ್ಯದಲ್ಲೇ ಹಳ್ಳಿಯ ಯುವಕರಿಗೆ ನಾಯಕತ್ವ ತರಬೇತಿ ನೀಡುವ ಕಾರ್ಯಕ್ರಮವೊಂದನ್ನು ಊಹಿಸಿಕೊಂಡು ವಿವರಿಸುತ್ತಾರೆ. ಅದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ. ಈ ಯೋಜನೆಯನ್ನು ಹಳ್ಳಿಗಳಿಗೆ ತಲುಪಿಸುವ ಲೋಕಲ್ ಡೆವಲಪ್‌ಮೆಂಟ್ ಕಂಪನಿಗಳನ್ನು ‘ಸ್ಥಳೀಯ ಸಂಸ್ಥೆಗಳು’ ಎಂದು ಕರೆಯಲಾಗುತ್ತದೆ. ಕನ್ನಡ ಓದುಗನಿಗೆ ಆ ಮಾತು ಪಂಚಾಯಿತಿ, ಪುರಸಭೆಗಳನ್ನೇ ಸೂಚಿಸುತ್ತದೆ. ಎರಡೂ ಸೇರಿದಾಗ, ಚುನಾಯಿತ ಪಂಚಾಯಿತಿಯೊಂದು ನಾಯಕರನ್ನು ತಯಾರು ಮಾಡುತ್ತಿದೆ ಎಂಬ, ವಾಸ್ತವಕ್ಕೆ ಯಾವ ಸಂಬಂಧವೂ ಇಲ್ಲದ ಚಿತ್ರ ಮೂಡುತ್ತದೆ.

ಲೀಡರ್ ಎಂಬುದು ಇಂಗ್ಲಿಷ್ ಪದವೇ ಅಲ್ಲ. ಅದು ‘ಲಿಯೆಜೋಂ ಆಂತ್ರ್ ಆಕ್ಸಿಯೋಂ ದ ದೆವೆಲೊಪ್ಮಾಂ ದ ಲೆಕೊನೊಮಿ ರ್ಯುರಾಲ್’ ಎಂಬ ಫ್ರೆಂಚ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಸಂಕ್ಷೇಪ. ‘ಗ್ರಾಮೀಣ ಅರ್ಥವ್ಯವಸ್ಥೆಯನ್ನು ಬೆಳೆಸುವ ಕೆಲಸಗಳ ನಡುವಣ ಕೊಂಡಿಗಳು’ ಎಂಬುದು ಅದರ ಅರ್ಥ. ಇಲ್ಲಿ ಮುಖ್ಯವಾದದ್ದು ಮೊದಲ ಪದವಾದ ‘ಕೊಂಡಿ’. 1988ರಲ್ಲಿ ಯುರೋಪಿಯನ್ ಕಮಿಷನ್ ಗ್ರಾಮೀಣ ಸಮಾಜದ ಭವಿಷ್ಯದ ಕುರಿತು ಒಂದು ದಸ್ತಾವೇಜನ್ನು ಹೊರಡಿಸಿತು. ಅಲ್ಲಿಯವರೆಗೆ ಹಳ್ಳಿಗೆ ಹರಿಯುತ್ತಿದ್ದ ಐರೋಪ್ಯ ಹಣದ ಬಹುಪಾಲು ಹಾಲು, ಮಾಂಸ, ಧಾನ್ಯ ಎಂಬ ಬೇರೆ ಬೇರೆ ಬಾಬ್ತುಗಳಲ್ಲಿ ಬೆಳೆಗಾರನಿಗೆ ಹೋಗುತ್ತಿತ್ತು; ಹಳ್ಳಿಯೆಂದರೆ ಕೃಷಿ ಉತ್ಪಾದನೆಯ ಜಾಗ ಎಂಬ ಎಣಿಕೆ ಅದರ ಹಿಂದಿತ್ತು. ಆದರೆ ಹಳ್ಳಿಯಲ್ಲಿ ಬೇಸಾಯವಿಲ್ಲದವರೂ ಇದ್ದಾರೆ, ಅಂಗಡಿಯೂ ಶಾಲೆಯೂ ಇವೆ, ಒಬ್ಬಂಟಿಯಾಗಿ ಬದುಕುವ ವೃದ್ಧರಿದ್ದಾರೆ, ನಗರದಿಂದ ಬಂದು ಹೋಗುವ ಪ್ರವಾಸಿಗರಿದ್ದಾರೆ. ಇವೆಲ್ಲವೂ ಒಂದನ್ನೊಂದು ಆಧರಿಸಿ ನಿಂತಿವೆ. ಈ ತಿಳಿವಳಿಕೆಯಿಂದ 1991ರಲ್ಲಿ ಲೀಡರ್ ಪ್ರಯೋಗರೂಪದಲ್ಲಿ ಆರಂಭವಾಯಿತು. ಮೊದಲ ಹಂತದಲ್ಲಿ ಯುರೋಪಿನಾದ್ಯಂತ 217 ಸ್ಥಳೀಯ ಗುಂಪುಗಳಿದ್ದವು.

ಆ ಗುಂಪಿಗೆ ಇರುವ ಹೆಸರು ಲೋಕಲ್ ಆ್ಯಕ್ಷನ್ ಗ್ರೂಪ್, ಅಂದರೆ ಸ್ಥಳೀಯ ಕ್ರಿಯಾ ಗುಂಪು. ಒಂದು ಪ್ರದೇಶದ ರೈತ ಸಂಘಟನೆ, ವ್ಯಾಪಾರಿಗಳು, ಸ್ವಯಂಸೇವಾ ಸಂಘಗಳು, ಚುನಾಯಿತ ಸದಸ್ಯರು, ಸರ್ಕಾರಿ ಇಲಾಖೆಗಳು ಇದರಲ್ಲಿ ಒಟ್ಟಿಗೆ ಕೂರುತ್ತವೆ. ತಮ್ಮ ಪ್ರದೇಶಕ್ಕೆ ಏನು ಬೇಕೆಂಬ ಕಾರ್ಯತಂತ್ರವನ್ನು ತಾವೇ ಬರೆಯುತ್ತವೆ. ಯಾವ ಅರ್ಜಿಗೆ ಹಣ ಕೊಡಬೇಕೆಂಬುದನ್ನೂ ಆ ಕಾರ್ಯತಂತ್ರಕ್ಕೆ ಅನುಗುಣವಾಗಿ ತಾವೇ ತೀರ್ಮಾನಿಸುತ್ತವೆ. 2014–2020ರ ಅವಧಿಯ ಐರೋಪ್ಯ ನಿಯಮದ ಪ್ರಕಾರ ಈ ತೀರ್ಮಾನದಲ್ಲಿ ಸರ್ಕಾರಿ ಪಕ್ಷಕ್ಕಾಗಲಿ, ಬೇರೆ ಯಾವುದೇ ಒಂದು ಹಿತಾಸಕ್ತಿಗಾಗಲಿ ಶೇಕಡ 49ಕ್ಕಿಂತ ಹೆಚ್ಚು ಮತಗಳಿರುವಂತಿರಲಿಲ್ಲ. ಇಡೀ ವ್ಯವಸ್ಥೆಯ ಜೀವಾಳ ಇಂಥ ನಿಯಮದಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಒಬ್ಬ ನಾಯಕನ ಕೈಗೆ ತೀರ್ಮಾನ ಹೋಗದಂತೆ ಕಟ್ಟಿದ ವ್ಯವಸ್ಥೆಯನ್ನು ‘ನಾಯಕತ್ವ ಯೋಜನೆ’ ಎಂದು ಕರೆದರೆ ಅದರ ಅರ್ಥವೇ ತಿರುವುಮುರುವಾಗುತ್ತದೆ.

ಇನ್ನು ‘ಸ್ಥಳೀಯ ಸಂಸ್ಥೆ’ ಎಂಬ ಮಾತು. ಐರ್ಲೆಂಡ್ ಗಣರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ ಸಮನಾದ ಚುನಾಯಿತ ವ್ಯವಸ್ಥೆಯೇ ಇಲ್ಲ. ಗ್ರಾಮೀಣ ಜಿಲ್ಲಾ ಮಂಡಳಿಗಳನ್ನು 1925ರ ಕಾನೂನು ರದ್ದುಪಡಿಸಿತು. ಡಬ್ಲಿನ್ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಾತ್ರ ಅವು 1930ರವರೆಗೆ ಉಳಿದವು. 2014ರಲ್ಲಿ 80 ಪಟ್ಟಣ ಮಂಡಳಿಗಳನ್ನೂ ವಿಸರ್ಜಿಸಲಾಯಿತು. ಈಗ ಇಡೀ ದೇಶಕ್ಕೆ 31 ಕೌಂಟಿ ಮತ್ತು ನಗರ ಮಂಡಳಿಗಳಿವೆ. ಒಂದು ಕೌಂಟಿಯ ಮೂಲೆಯ ಹಳ್ಳಿಯವರಿಗೆ ತಮ್ಮ ಊರಿನ ಮಟ್ಟದಲ್ಲಿ ನಿರ್ಧಾರ ತೆಗೆದುಕೊಳ್ಳುವ ಚುನಾಯಿತ ವೇದಿಕೆ ದೊರೆಯುವುದಿಲ್ಲ. ಸ್ಥಳೀಯ ಅಭಿವೃದ್ಧಿ ಕಂಪನಿಗಳು ಬೇರು ಬಿಟ್ಟದ್ದು ಈ ತೆರವಿನಲ್ಲಿ. ಆದ್ದರಿಂದಲೇ ಅವುಗಳನ್ನು ಸ್ಥಳೀಯ ಸರ್ಕಾರವೆಂದು ಓದಿದರೆ ಅವು ಏಕೆ ಹುಟ್ಟಿದವು ಎಂಬ ಪ್ರಶ್ನೆಯೇ ಅಳಿಸಿಹೋಗುತ್ತದೆ.

ಹಳ್ಳಿಯವರು ತಾವೇ ಸಂಘಟಿತರಾಗುವುದು ಐರ್ಲೆಂಡಿಗೆ ಬ್ರಸೆಲ್ಸ್‌ನಿಂದ ಬಂದ ಪಾಠವೂ ಅಲ್ಲ. ಹೊರೇಸ್ ಪ್ಲಂಕೆಟ್ ಮುಂದಾಳುತನದ ಸಹಕಾರ ಚಳವಳಿಯಲ್ಲಿ ಮೊದಲ ಸಹಕಾರಿ ಬೆಣ್ಣೆ ಘಟಕ 1889ರಲ್ಲಿ ಲಿಮೆರಿಕ್ ಕೌಂಟಿಯ ಡ್ರಮ್‌ಕಾಲೊಹರ್‌ನಲ್ಲಿ ತೆರೆಯಿತು. 1937ರಲ್ಲಿ ಟಿಪ್ಪರೆರಿಯ ಪಾದ್ರಿ ಜಾನ್ ಹೇಯ್ಸ್ ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಮಟ್ಟದಲ್ಲಿ ಕಟ್ಟಿದ ‘ಮುಯಿಂಟಿರ್ ನ ಟೀರೆ’ ಸಂಘಟನೆಯ ಹೆಸರಿಗೆ ‘ನಾಡಿನ ಜನ’ ಎಂದರ್ಥ. ಡೊನೆಗಾಲ್ ಕೌಂಟಿಯ ಗ್ಲೆನ್‌ಕಾಲಮ್‌ಕಿಲ್‌ಗೆ 1951ರಲ್ಲಿ ಬಂದ ಪಾದ್ರಿ ಜೇಮ್ಸ್ ಮೆಕ್‌ಡಯರ್, ವಲಸೆಯಿಂದ ಬರಿದಾಗುತ್ತಿದ್ದ ಆ ಕಣಿವೆಯಲ್ಲಿ ಸಹಕಾರಿ ಉದ್ಯಮಗಳನ್ನು ಆರಂಭಿಸಿದರು. 1967ರಲ್ಲಿ ಅಲ್ಲಿ ತೆರೆದ ಜಾನಪದ ಗ್ರಾಮಕ್ಕೆ ಪ್ರವಾಸಿಗರು ಇಂದಿಗೂ ಬರುತ್ತಾರೆ. ಕಾರ್ಕ್ ಕೌಂಟಿಯ ನ್ಯೂಮಾರ್ಕೆಟ್‌ನಲ್ಲಿ ನೆಲೆಯಿರುವ ‘ಐಆರ್‌ಡಿ ಡುಹಾಲೊ’ ಎಂಬ ಅಭಿವೃದ್ಧಿ ಕಂಪನಿ ಹುಟ್ಟಿದ್ದು 1989ರಲ್ಲಿ, ಅಂದರೆ ಲೀಡರ್‌ಗಿಂತ ಮೊದಲೇ. 1991ರಲ್ಲಿ ನಿರುದ್ಯೋಗದ ವಿರುದ್ಧ 12 ಪ್ರದೇಶಗಳಲ್ಲಿ ಪಾಲುದಾರಿಕೆ ಕಂಪನಿಗಳನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಇನ್ನೊಂದು ಧಾರೆ ಸೇರಿಕೊಂಡಿತು. ಗ್ರಾಮೀಣ ಲೀಡರ್ ಗುಂಪುಗಳೂ ಈ ಪಾಲುದಾರಿಕೆಗಳೂ ಬಹುಕಾಲ ಅಕ್ಕಪಕ್ಕದಲ್ಲಿ ನಡೆದು, 2000ರ ದಶಕದ ಕೊನೆಯಲ್ಲಿ ಸರ್ಕಾರದ ಒತ್ತಾಸೆಯಿಂದ ವಿಲೀನಗೊಂಡು ಇಂದಿನ ರೂಪ ಪಡೆದವು. ಈಗ ಅಂಥ 49 ಕಂಪನಿಗಳು ತಮ್ಮದೇ ಒಂದು ರಾಷ್ಟ್ರೀಯ ಜಾಲದಡಿ ಇವೆ.

‘ಕಂಪನಿ’ ಎಂದೊಡನೆ ಲಾಭ, ಷೇರು ಎಂದು ಯೋಚಿಸಬೇಕಿಲ್ಲ. ಇವು ಗ್ಯಾರಂಟಿಯಿಂದ ಸೀಮಿತವಾದ ಕಂಪನಿಗಳು: ಷೇರು ಬಂಡವಾಳವಿಲ್ಲ, ಲಾಭ ಹಂಚಿಕೆಯಿಲ್ಲ. ನಿರ್ದೇಶಕರು ಸಂಬಳವಿಲ್ಲದೆ ದುಡಿಯುತ್ತಾರೆ. ಕಚೇರಿಯ ಸಿಬ್ಬಂದಿಗೆ ಸಂಬಳವಿದೆ. ಹಾಗೆಂದು ಇವುಗಳನ್ನು ನಮ್ಮಲ್ಲಿ ಎನ್‌ಜಿಒ ಎನ್ನುವ ಅರ್ಥದಲ್ಲಿ ದತ್ತಿ ಸಂಸ್ಥೆ ಎಂದು ಬರೆದರೂ ಅರ್ಧ ಮಾತ್ರ ಹೇಳಿದಂತಾಗುತ್ತದೆ, ಏಕೆಂದರೆ ಇವುಗಳ ಹಣದ ಬಹುಪಾಲು ಐರೋಪ್ಯ ಒಕ್ಕೂಟ ಮತ್ತು ಐರಿಷ್ ಸರ್ಕಾರದ ಯೋಜನೆಗಳಿಂದ, ಆ ಯೋಜನೆಗಳ ಲೆಕ್ಕಪತ್ರದ ಕಟ್ಟುಪಾಡುಗಳ ಸಮೇತ ಬರುತ್ತದೆ.

ಹಣ ಹಳ್ಳಿಗೆ ತಲುಪುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಊರಿನ ಸಮಿತಿಗೆ ಹಳೆಯ ಸಭಾಂಗಣವನ್ನು ದುರಸ್ತಿ ಮಾಡಬೇಕಿದೆ ಎನ್ನೋಣ. ಅವರು ಮೊದಲು ಕಂಪನಿಗೆ ಆಸಕ್ತಿ ಪತ್ರ ಸಲ್ಲಿಸುತ್ತಾರೆ. ಅಭಿವೃದ್ಧಿ ಅಧಿಕಾರಿಯೊಬ್ಬರು ಬಂದು ಕೂತು ಯೋಜನೆಯನ್ನು ತಿದ್ದಿಸುತ್ತಾರೆ, ದರಪಟ್ಟಿ ತರಿಸುತ್ತಾರೆ, ಅರ್ಜಿ ಬರೆಯಲು ನೆರವಾಗುತ್ತಾರೆ. ಬಳಿಕ ಮೌಲ್ಯಮಾಪನ ಸಮಿತಿ, ಅದರ ನಂತರ ಕ್ರಿಯಾ ಗುಂಪಿನ ತೀರ್ಮಾನ. 2014–2020ರ ಅವಧಿಯ ನಿಯಮದಂತೆ ಸಮುದಾಯದ ಯೋಜನೆಗೆ ವೆಚ್ಚದ ಶೇಕಡ 75ರವರೆಗೆ, ಖಾಸಗಿ ಉದ್ಯಮಕ್ಕೆ ಶೇಕಡ 50ರವರೆಗೆ ಸಹಾಯಧನ ದೊರೆಯುತ್ತಿತ್ತು. ಸಾಮಾನ್ಯ ಮಿತಿ 2,00,000 ಯೂರೊ. ಉಳಿದ ಪಾಲನ್ನು ಊರು ಹೊಂದಿಸಬೇಕು. ಶಾಸಕರ ನಿಧಿಯಿಂದ ಮಂಜೂರಾಗುವ ನಮ್ಮ ಸಮುದಾಯ ಭವನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಕೇಳುವವರೇ ಯೋಜನೆ ರೂಪಿಸಬೇಕು, ಹಣ ಸೇರಿಸಬೇಕು, ಮುಂದೆ ನಡೆಸಿಕೊಂಡೂ ಹೋಗಬೇಕು. ಇದರಲ್ಲಿ ಒಂದು ನಿಜವಾದ ತೊಡಕೂ ಇದೆ. ಸಹಾಯಧನ ಬರುವುದು ಖರ್ಚು ಮಾಡಿ ರಸೀದಿ ಒಪ್ಪಿಸಿದ ಮೇಲೆ. ಮೊದಲೇ ಕೈಯಲ್ಲಿ ಹಣವಿಲ್ಲದ ಸಣ್ಣ ಸಂಘ ಮಧ್ಯಂತರ ಸಾಲ ಹುಡುಕಬೇಕಾಗುತ್ತದೆ. ಅತ್ಯಂತ ದುರ್ಬಲ ಊರುಗಳಿಗೆ ನೆರವು ತಲುಪಬೇಕೆಂಬ ಉದ್ದೇಶಕ್ಕೆ ಈ ಕ್ರಮವೇ ಅಡ್ಡಿಯಾಗುತ್ತದೆ. ಇದನ್ನು ಸರಿಪಡಿಸದೆ, ಲೀಡರ್ ಕುರಿತು ಹೇಳುವ ‘ಕೆಳಗಿನಿಂದ ಮೇಲಕ್ಕೆ’ ಎಂಬ ಮಾತನ್ನು ಪುನರುಚ್ಚರಿಸಿ ಪ್ರಯೋಜನವಿಲ್ಲ.

ಲೀಡರ್ ಇವುಗಳ ಒಂದು ಕೆಲಸ ಮಾತ್ರ ಎಂಬುದನ್ನೂ ಬರೆಯುವವರು ಮರೆಯುತ್ತಾರೆ. 2004ರಲ್ಲಿ ಆರಂಭವಾದ ಗ್ರಾಮೀಣ ಸಾಮಾಜಿಕ ಯೋಜನೆ, ಆದಾಯ ಸಾಲದೆ ಸರ್ಕಾರದ ನೆರವು ಪಡೆಯುವ ಸಣ್ಣ ರೈತರಿಗೂ ಮೀನುಗಾರರಿಗೂ ವಾರಕ್ಕೆ 19.5 ಗಂಟೆಗಳ ಕೆಲಸ ಕೊಡುತ್ತದೆ. ಅವರು ತಮ್ಮ ಬೇಸಾಯವನ್ನು ಬಿಡದೆ ಊರಿನ ಕಾಲುದಾರಿ, ಆಟದ ಮೈದಾನಗಳನ್ನು ನೋಡಿಕೊಳ್ಳುತ್ತಾರೆ, ವೃದ್ಧರ ಆರೈಕೆಯ ಸೇವೆಗಳಲ್ಲಿ ದುಡಿಯುತ್ತಾರೆ. ಐರಿಷ್ ಭಾಷೆಯಲ್ಲಿ ‘ಆರಂಭ’ ಎಂಬ ಅರ್ಥದ ‘ತೂಸ್’ ಯೋಜನೆ ದೀರ್ಘಕಾಲದ ನಿರುದ್ಯೋಗಿಗಳಿಗೆ ಇದೇ ಅವಧಿಯ ಕೆಲಸವನ್ನು 12 ತಿಂಗಳ ಮಟ್ಟಿಗೆ ಒದಗಿಸುತ್ತದೆ. ಸಾಮಾಜಿಕ ಒಳಗೊಳ್ಳುವಿಕೆಯ ಕಾರ್ಯಕ್ರಮವೊಂದು 2015ರಿಂದ ಇದೆ. ‘ಪೊಬಲ್’ ಎಂಬ ಸರ್ಕಾರಿ ಪರ ಸಂಸ್ಥೆ ಅದನ್ನು ನಿರ್ವಹಿಸುತ್ತದೆ, ಊರಿನಲ್ಲಿ ನಡೆಸುವವರು ಈ ಕಂಪನಿಗಳೇ. ಐರ್ಲೆಂಡಿನ ಅಲೆಮಾರಿ ಮೂಲದ ಟ್ರಾವೆಲರ್ ಸಮುದಾಯ, ರೋಮಾ ಜನ, ಒಂಟಿ ಪೋಷಕರು, ಅಂಗವಿಕಲರು, ನಿರಾಶ್ರಿತರು ಅದರ ಗುರಿಗುಂಪುಗಳು. 2022ರ ನಂತರ ಉಕ್ರೇನ್‌ನಿಂದ ಬಂದ ಕುಟುಂಬಗಳನ್ನು ಸಣ್ಣ ಪಟ್ಟಣಗಳ ಹೋಟೆಲುಗಳಲ್ಲಿ ಇರಿಸಿದಾಗ, ಅವರಿಗೆ ಇಂಗ್ಲಿಷ್ ತರಗತಿ, ಶಾಲೆ, ಕೆಲಸಗಳ ದಾರಿ ತೋರಿಸಿದ್ದು ಅನೇಕ ಕಡೆ ಈ ಕಂಪನಿಗಳ ಸಿಬ್ಬಂದಿ.

‘ಕೊಂಡಿ’ ಎಂಬ ಮೂಲಾರ್ಥ ಕಣ್ಣಿಗೆ ಕಾಣುವುದು ನಡಿಗೆದಾರಿಗಳಲ್ಲಿ. ಐರ್ಲೆಂಡಿನಲ್ಲಿ ಪರರ ಜಮೀನಿನಲ್ಲಿ ನಡೆದಾಡುವ ಸಾರ್ವತ್ರಿಕ ಹಕ್ಕು ಇಲ್ಲ. ಕೆರ್ರಿ ವೇ ಅಥವಾ ಡಿಂಗಲ್ ವೇ ಹಿಡಿದು ನಡೆಯುವವನು ಅನೇಕ ಕಡೆ ರೈತರ ಒಪ್ಪಿಗೆಯ ಮೇಲೆ ಅವರ ಹೊಲ ದಾಟುತ್ತಾನೆ. 2008ರಲ್ಲಿ ಬಂದ ನಡಿಗೆದಾರಿ ಯೋಜನೆಯಡಿ ಆ ರೈತನಿಗೆ ದಾರಿಯ ನಿರ್ವಹಣೆಗಾಗಿ ಹಣ ದೊರೆಯುತ್ತದೆ: ಗಿಡಗಂಟಿ ಸವರುವುದು, ಬೇಲಿ ದಾಟುವ ಮೆಟ್ಟಿಲು ಸರಿಪಡಿಸುವುದು, ಗುರುತುಕಂಬ ನೋಡಿಕೊಳ್ಳುವುದು. ಇದು ಜಮೀನು ದಾಟಿದ್ದಕ್ಕೆ ಕೊಡುವ ಬಾಡಿಗೆಯಲ್ಲ. ಪತ್ರಿಕೆಗಳು ಹಾಗೆ ಬರೆದಾಗ ರೈತರ ದುಡಿಮೆಯನ್ನೇ ಮರೆಮಾಚಿದಂತಾಗುತ್ತದೆ. ಕಂಪನಿಯು ನೇಮಿಸಿಕೊಂಡ ಗ್ರಾಮೀಣ ವಿಹಾರ ಅಧಿಕಾರಿ ಮನೆಮನೆಗೆ ಹೋಗಿ ಒಬ್ಬೊಬ್ಬ ಭೂಮಾಲೀಕನ ಜೊತೆ ಮಾತಾಡಿ ಒಪ್ಪಂದ ಕುದುರಿಸುತ್ತಾರೆ. ದಾರಿ ತುಂಡಾಗದೆ ಉಳಿದರೆ ಆ ಬದಿಯ ಅತಿಥಿಗೃಹ, ಅಂಗಡಿಗಳೂ ಉಳಿಯುತ್ತವೆ. ಲಿಮೆರಿಕ್–ಕಾರ್ಕ್ ಗಡಿಯ ಬ್ಯಾಲಿಹೌರಾದಲ್ಲಿ ಸರ್ಕಾರಿ ಅರಣ್ಯ ಕಂಪನಿಯ ಕಾಡಿನೊಳಗೆ ಬೆಟ್ಟದ ಸೈಕಲ್ ಜಾಡುಗಳನ್ನು ರೂಪಿಸಿದ ಕೆಲಸದ ಹಿಂದೆಯೂ ಅಲ್ಲಿಯ ಅಭಿವೃದ್ಧಿ ಕಂಪನಿ ಇತ್ತು. ಡುಹಾಲೊದಲ್ಲಿ ಇದೇ ಬಗೆಯ ಕಂಪನಿ ಒಂದೆಡೆ ವೃದ್ಧರ ಮನೆಗಳಿಗೆ ಊಟ ತಲುಪಿಸಿದರೆ, ಇನ್ನೊಂದೆಡೆ 2010ರಿಂದ ಬ್ಲ್ಯಾಕ್‌ವಾಟರ್ ನದಿಯ ಮೇಲ್ಭಾಗದಲ್ಲಿ ಸಿಹಿನೀರಿನ ಮುತ್ತಿನ ಚಿಪ್ಪುಜೀವಿ, ಸಾಲ್ಮನ್ ಮೀನು, ನೀರುನಾಯಿಗಳ ನೆಲೆಯನ್ನು ಸುಧಾರಿಸಲು ಐರೋಪ್ಯ ಪರಿಸರ ನಿಧಿಯಿಂದ ಕೆಲಸ ಮಾಡಿತು. ಊಟವೂ ನದಿಯೂ ಒಂದೇ ಕಚೇರಿಯ ಹೊಣೆಯಾಗುವುದು ಇಲಾಖೆಗಳಾಗಿ ಹಂಚಿಹೋದ ಆಡಳಿತದಲ್ಲಿ ಸುಲಭವಲ್ಲ.

2014ರ ಸ್ಥಳೀಯ ಸರ್ಕಾರ ಸುಧಾರಣಾ ಕಾಯ್ದೆ ಈ ಸ್ವಾಯತ್ತತೆಯನ್ನು ಕುಗ್ಗಿಸಿತು. ಪ್ರತಿ ಮಂಡಳಿಯಲ್ಲೂ ಸ್ಥಳೀಯ ಸಮುದಾಯ ಅಭಿವೃದ್ಧಿ ಸಮಿತಿ ಎಂಬುದು ಬಂದು, ಅಲ್ಲಿಯವರೆಗೆ ಈ ಕಂಪನಿಗಳದ್ದಾಗಿದ್ದ ಲೀಡರ್ ಕ್ರಿಯಾ ಗುಂಪಿನ ಸ್ಥಾನವೂ ಬಹುತೇಕ ಕಡೆ ಅದಕ್ಕೇ ಹೋಯಿತು. ಕಂಪನಿಗಳು ಅನುಷ್ಠಾನ ಪಾಲುದಾರರಾಗಿ ಉಳಿದವು. ಚುನಾಯಿತರಿಗೆ ಉತ್ತರದಾಯಿತ್ವ ಇರಬೇಕೆಂಬ ಸರ್ಕಾರದ ವಾದವನ್ನು ತಳ್ಳಿಹಾಕಲಾಗದು. ಆದರೆ ಊರಿನವರು ಕಾಲು ಶತಮಾನದಲ್ಲಿ ಕಟ್ಟಿದ್ದನ್ನು ಕೌಂಟಿ ಕಚೇರಿಯ ಕೆಳಗೆ ಇರಿಸಿದಾಗ ಅರ್ಜಿಯ ಹಾದಿ ಉದ್ದವಾಯಿತು, ತಪಾಸಣೆಯ ಪದರಗಳು ಹೆಚ್ಚಿದವು ಎಂಬ ದೂರೂ ಸಕಾರಣವಾದದ್ದೇ. ಹಣದ ಒಟ್ಟು ಮೊತ್ತವೂ ಇಳಿದಿದೆ, ವರ್ಷದ ಸರಾಸರಿ ಮಾತ್ರ ಹೆಚ್ಚುಕಡಿಮೆ ಹಿಂದಿನಷ್ಟೇ ಇದೆ: 2014–2020ರ ಏಳು ವರ್ಷಗಳ ಕಾರ್ಯಕ್ರಮಕ್ಕೆ 25 ಕೋಟಿ ಯೂರೊ ಇದ್ದರೆ, 2023–2027ರ ಐದು ವರ್ಷಗಳಿಗೆ 18 ಕೋಟಿ ಯೂರೊ.

ಕೊನೆಯದಾಗಿ, ಐರ್ಲೆಂಡಿನಲ್ಲಿರುವ ಕನ್ನಡಿಗರಿಗೂ ಉಪಯೋಗವಾಗುವ ಒಂದು ವ್ಯತ್ಯಾಸ. 2014ರಲ್ಲಿ ಕೌಂಟಿ ಉದ್ಯಮ ಮಂಡಳಿಗಳ ಜಾಗದಲ್ಲಿ ಬಂದ ‘ಲೋಕಲ್ ಎಂಟರ್‌ಪ್ರೈಸ್ ಆಫೀಸ್’ ಕೌಂಟಿ ಅಥವಾ ನಗರ ಮಂಡಳಿಯ ಒಳಗಿನ ಕಚೇರಿ; ಸಣ್ಣ ಉದ್ಯಮ ಆರಂಭಿಸುವವರಿಗೆ ಸಲಹೆ, ತರಬೇತಿ, ಆರಂಭಿಕ ನೆರವು ಕೊಡುವುದು ಅದರ ಕೆಲಸ. ಊರಿನ ಸಭಾಂಗಣ, ಆಟದ ಮೈದಾನ, ಹೊಸದಾಗಿ ಬಂದವರ ಸಂಘ, ಗ್ರಾಮೀಣ ಪ್ರವಾಸೋದ್ಯಮಗಳ ವಿಚಾರವಾದರೆ ಮೊದಲು ಹೋಗಬೇಕಾದದ್ದು ಆ ಪ್ರದೇಶದ ಅಭಿವೃದ್ಧಿ ಕಂಪನಿಗೆ. ಇವೆರಡನ್ನೂ ‘ಸ್ಥಳೀಯ ಸಂಸ್ಥೆ’ ಎಂದು ಬರೆದ ಲೇಖನವನ್ನು ನಂಬಿದವನು ತಪ್ಪು ಬಾಗಿಲಿನಲ್ಲಿ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ. ‘ಲೀಡರ್’ ಅನ್ನು ಲೀಡರ್ ಎಂದೇ ಉಳಿಸಿ, ಕಂಪನಿಯನ್ನು ‘ಸ್ಥಳೀಯ ಅಭಿವೃದ್ಧಿ ಕಂಪನಿ’ ಎಂದೇ ಬರೆಯಬೇಕೆಂದು ಬರಹಗಾರರಲ್ಲಿ ನನ್ನ ಕೋರಿಕೆ.