ಗಾಲ್ಫ್‌ಗೆ ಹದಿನೆಂಟೇ ಕುಳಿ ಯಾಕೆ?

ಪ್ರಶ್ನೆ: ಟಿ.ವಿ.ಯಲ್ಲಿ ಗಾಲ್ಫ್ ಬಂದಾಗಲೆಲ್ಲ ‘ಹದಿನೆಂಟನೇ ಹೋಲ್’ ಅನ್ನುತ್ತಿರುತ್ತಾರೆ. ಹತ್ತೋ ಇಪ್ಪತ್ತೋ ಇರಬಾರದಿತ್ತೆ? ಈ ಹದಿನೆಂಟು ಎಲ್ಲಿಂದ ಬಂತು? ಆಟ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಹೇಳಿ.

ಉತ್ತರ: ಇದು ಯಾರೂ ಕೂತು ಯೋಚಿಸಿ ಇಟ್ಟ ಲೆಕ್ಕವಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಕಡಲತಡಿಯ ಊರಿನ ನೆಲ ಹೇಗಿತ್ತೋ ಹಾಗೆ ಆಟ ಬೆಳೆಯಿತು, 1764ರಲ್ಲಿ ಅಲ್ಲಿನವರು ಒಂದು ಸಣ್ಣ ರಿಪೇರಿ ಮಾಡಿದರು, ಹದಿನೆಂಟಾಯಿತು. ಕುಳಿಗೊಂದು ಗುಟುಕಿನಂತೆ ಕುಡಿದರೆ ವಿಸ್ಕಿ ಬಾಟಲಿ ಹದಿನೆಂಟಕ್ಕೆ ಖಾಲಿಯಾಗುತ್ತಿತ್ತು, ಅದಕ್ಕೇ ಹದಿನೆಂಟು ಅನ್ನುವ ಕಥೆಯನ್ನು ನೀವೂ ಕೇಳಿರಬಹುದು. ಹೇಳಲು ಚೆಂದ, ಅಷ್ಟೇ.

ಮೊದಲು ಆಟ. ಚಿಕ್ಕಂದಿನಲ್ಲಿ ಗೋಲಿಯಾಡಿದವರಿಗೆ ಗಾಲ್ಫ್ ಅಪರಿಚಿತವೇನಲ್ಲ. ಹಿಮ್ಮಡಿ ತಿರುಗಿಸಿ ನೆಲದಲ್ಲಿ ಗುಳಿ ಮಾಡುತ್ತಿದ್ದೆವು, ದೂರದ ಗೆರೆಯಿಂದ ಗೋಲಿಯನ್ನು ಅದಕ್ಕೆ ಬೀಳಿಸಲು ಹೆಣಗುತ್ತಿದ್ದೆವು. ಇಲ್ಲಿ ಗೆರೆಗೂ ಗುಳಿಗೂ ನಡುವೆ ನಾನೂರು ಗಜ ಇರಬಹುದು, ಬೆರಳಿನ ಬದಲು ಕೋಲು. ಹೊರಡುವ ಜಾಗಕ್ಕೆ ಟೀ ಎಂದು ಹೆಸರು. ಅಲ್ಲಿಂದ ಹೊಡೆದ ಚೆಂಡು ಒಪ್ಪವಾಗಿ ಕತ್ತರಿಸಿದ ಹುಲ್ಲಿನ ಫೇರ್‌ವೇಯಲ್ಲಿ ಬಿದ್ದರೆ ಅದೃಷ್ಟ. ಅಂಚಿನ ಒರಟು ಹುಲ್ಲಿಗೋ ಬಂಕರ್ ಎಂಬ ಮರಳುಗುಂಡಿಗೋ ಬಿದ್ದರೆ ಅಲ್ಲಿಂದಲೇ ಎತ್ತಿ ಹೊಡೆಯಬೇಕು. ಕೊನೆಗೆ ಜಮಖಾನದಷ್ಟು ನುಣುಪಾದ ಗ್ರೀನ್. ಅದರಲ್ಲೊಂದು ಕುಳಿ, ಅಗಲ 108 ಮಿಲಿಮೀಟರ್. ಚೆಂಡಿನ ಅಗಲ ಸುಮಾರು 43. ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು. ದೂರ ಹೊಡೆಯಲು ಡ್ರೈವರ್, ಗ್ರೀನ್ ಮೇಲೆ ಮೆಲ್ಲಗೆ ಉರುಳಿಸಲು ಪಟರ್.

ಗೊಂದಲ ಹುಟ್ಟುವುದು ‘ಹೋಲ್’ ಎಂಬ ಮಾತಿನಿಂದ. ನೆಲದಲ್ಲಿರುವ ಕುಳಿಗೂ ಅದೇ ಹೆಸರು, ಟೀಯಿಂದ ಕುಳಿಯವರೆಗಿನ ಇಡೀ ದಾರಿಗೂ ಅದೇ ಹೆಸರು. ಪ್ರತಿ ದಾರಿಗೂ ಒಳ್ಳೆಯ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂಬ ಅಳತೆಯಿದೆ: ಮೂರು, ನಾಲ್ಕು ಅಥವಾ ಐದು. ಅದೇ ಪಾರ್. ಒಂದು ಹೊಡೆತ ಉಳಿಸಿದರೆ ಬರ್ಡಿ, ಎರಡು ಉಳಿಸಿದರೆ ಈಗಲ್, ಒಂದು ಜಾಸ್ತಿಯಾದರೆ ಬೋಗಿ. ಕಡಿಮೆ ಹೊಡೆದವರೇ ಗೆದ್ದವರು. ರನ್ ಪೇರಿಸಿ ಅಭ್ಯಾಸವಾದ ನಮಗೆ ಇದೊಂದು ತಲೆಕೆಳಗಿನ ಲೆಕ್ಕ.

ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೊಂದು ಸುತ್ತು, ಒಟ್ಟು 72 ಕುಳಿ. ಅಷ್ಟೂ ಮುಗಿದ ಮೇಲೆ ಒಂದೇ ಒಂದು ಹೊಡೆತ ಏನು ಮಾಡಬಲ್ಲದು ಎಂಬುದು ನಮಗೆ 2021ರ ಆಗಸ್ಟಿನಲ್ಲಿ ಗೊತ್ತಾಯಿತು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 269 ಹೊಡೆತಕ್ಕೆ ಮುಗಿಸಿದರು, ಅವರಿಗಿಂತ ಮುಂದಿನ ಇಬ್ಬರು 268ಕ್ಕೆ. ಅದಿತಿಗೆ ನಾಲ್ಕನೇ ಸ್ಥಾನ. ಅಂದು ಬೆಳಗಿನ ಜಾವವೇ ಎದ್ದು, ಬರ್ಡಿ ಬೋಗಿ ಗೊತ್ತಿಲ್ಲದೆಯೇ ಟಿ.ವಿ. ಮುಂದೆ ಕೂತವರು ಎಷ್ಟೋ ಮಂದಿ.

ಈಗ ಹದಿನೆಂಟಕ್ಕೆ ಬರೋಣ. ಆಟ ಆ ಸಂಖ್ಯೆಗಿಂತ ಬಹಳ ಹಳೆಯದು. 1457ರಲ್ಲೇ ಸ್ಕಾಟ್ಲೆಂಡಿನ ಎರಡನೇ ಜೇಮ್ಸ್ ದೊರೆಯ ಸಂಸತ್ತು ಗಾಲ್ಫ್ ಮತ್ತು ಫುಟ್‌ಬಾಲ್ ಎರಡನ್ನೂ ನಿಷೇಧಿಸಿತ್ತು. ಗಂಡಸರು ಬಿಲ್ವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದಿದ್ದಾರೆ ಎಂಬುದು ದೂರು. ಮೊಮ್ಮಗ ನಾಲ್ಕನೇ ಜೇಮ್ಸ್ 1491ರಲ್ಲಿ ಅದೇ ನಿಷೇಧವನ್ನು ಮತ್ತೆ ಸಾರಿದ. 1502ರಲ್ಲಿ ತಾನೇ ಗಾಲ್ಫ್ ಕೋಲು ಕೊಂಡ. ಕೊಂಡದ್ದು ಯಾರ ಹತ್ತಿರ ಗೊತ್ತೆ? ಪರ್ತ್ ಊರಿನ ಬಿಲ್ಲು ಮಾಡುವವನ ಹತ್ತಿರ!

ಆಗ ಮೈದಾನವನ್ನು ಯಾರೂ ಕಟ್ಟುತ್ತಿರಲಿಲ್ಲ. ಕಡಲಿಗೂ ಹೊಲಕ್ಕೂ ನಡುವೆ ಉಳುಮೆಗೆ ಬಾರದ ಮರಳುನೆಲ, ಕುರಿ ಮೊಲಗಳು ಮೇಯ್ದು ಗಿಡ್ಡವಾದ ಹುಲ್ಲು. ಅದಕ್ಕೆ ಅವರು ಲಿಂಕ್ಸ್ ಅನ್ನುತ್ತಾರೆ. ಜಾಗವಿದ್ದಷ್ಟು ಕುಳಿ. 1744ರಲ್ಲಿ ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ ಆಟದ ಮೊದಲ 13 ನಿಯಮಗಳನ್ನು ಬರೆದಿಟ್ಟಾಗ ಅಲ್ಲಿದ್ದದ್ದು ಐದೇ ಕುಳಿ. ಆ ನಿಯಮಗಳಲ್ಲಿ ಸಂಖ್ಯೆಯ ಮಾತೇ ಇಲ್ಲ.

ಸೇಂಟ್ ಆಂಡ್ರೂಸ್‌ನಲ್ಲಿ ಆ ನೆಲ ಉದ್ದಕ್ಕೆ ಚಾಚಿದ ಕಿರುಪಟ್ಟಿ. ಊರಿನಿಂದ ಹೊರಟು ಪಟ್ಟಿಯ ತುದಿ ಮುಟ್ಟುವಷ್ಟರಲ್ಲಿ ಹನ್ನೊಂದು ಹೋಲ್. ತುದಿಯಲ್ಲಿ ತಿರುಗಿ ಅದೇ ದಾರಿಯಲ್ಲಿ, ಬಹುಪಾಲು ಅವೇ ಕುಳಿಗಳಿಗೆ ಆಡುತ್ತ ಊರಿಗೆ ಮರಳಿದರೆ ಇನ್ನು ಹನ್ನೊಂದು. ಒಟ್ಟು 22. 1764ರಲ್ಲಿ ಅಲ್ಲಿನ ಗಾಲ್ಫ್ ಸಂಘದವರಿಗೆ ಮೊದಲ ನಾಲ್ಕು ಹೋಲ್‌ಗಳು ತೀರ ಗಿಡ್ಡ ಅನ್ನಿಸಿತು. ನಾಲ್ಕನ್ನು ಕೂಡಿಸಿ ಎರಡು ಮಾಡಿದರು. ಹೋಗುವಾಗ ಎರಡು ಕಡಿಮೆಯಾದರೆ ಬರುವಾಗಲೂ ಎರಡು ಕಡಿಮೆಯಾಗಲೇಬೇಕಲ್ಲ. ಒಂಬತ್ತು ಹೋಗಲು, ಒಂಬತ್ತು ಬರಲು.

ಉಳಿದ ಊರುಗಳು ತಕ್ಷಣ ಇದನ್ನು ಅನುಸರಿಸಲಿಲ್ಲ. ಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದದ್ದು 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ, 12 ಕುಳಿಗಳ ಮೈದಾನವನ್ನು ಒಂದೇ ದಿನ ಮೂರು ಸಲ ಸುತ್ತಿ. ಎಂಟೇ ಜನ ಆಡಿದ್ದರು. 36 ಕುಳಿಗಳಿಗೆ 174 ಹೊಡೆತದಲ್ಲಿ ವಿಲ್ಲಿ ಪಾರ್ಕ್ ಗೆದ್ದ. 1873ರಲ್ಲಿ ಓಪನ್ ಸೇಂಟ್ ಆಂಡ್ರೂಸ್‌ಗೆ ಬಂದಾಗ ಅದೇ 36 ಕುಳಿ ಹದಿನೆಂಟರ ಎರಡು ಸುತ್ತಾಯಿತು. ಅಷ್ಟು ಹೊತ್ತಿಗೆ ಆ ಊರಿನ ಕ್ಲಬ್ಬು ‘ರಾಯಲ್ ಅಂಡ್ ಏನ್ಷಿಯಂಟ್’ ಎಂಬ ರಾಜಬಿರುದು ಪಡೆದಿತ್ತು. ಆಟದ ನಿಯಮಕ್ಕೆ ಎಲ್ಲರೂ ಆ ಕಡೆಗೇ ನೋಡತೊಡಗಿದ್ದರು. ದೊಡ್ಡಮನೆಯ ರೂಢಿ ಊರಿನ ರೂಢಿಯಾಯಿತು ಅನ್ನಿ. ಜಾಗ ಸಾಲದ ಕಡೆ ಇವತ್ತಿಗೂ ಒಂಬತ್ತು ಕುಳಿಯ ಮೈದಾನಗಳಿವೆ. ಪೂರ್ತಿ ಆಟ ಬೇಕೆಂದವರು ಅವನ್ನೇ ಎರಡು ಸಲ ಸುತ್ತುತ್ತಾರೆ.

ನಮ್ಮಲ್ಲಿಗೆ ಇದನ್ನು ತಂದವರು ಬ್ರಿಟಿಷರು: ಕಲ್ಕತ್ತೆಗೆ 1829ರಲ್ಲಿ, ಬೆಂಗಳೂರಿಗೆ 1876ರಲ್ಲಿ. ಇಂದಿನ ಬೆಂಗಳೂರಿನ ಭೂಮಿ ಬೆಲೆ ನೋಡಿದರೆ, ಕುರಿ ಮೇಯುವ ಬಂಜರಿನಲ್ಲಿ ಹುಟ್ಟಿದ ಆಟ ಇದೇನಾ ಅನ್ನಿಸುತ್ತದೆ.

ಸೇಂಟ್ ಆಂಡ್ರೂಸ್‌ನ ಹಳೇ ಮೈದಾನದಲ್ಲಿ ಈಗಲೂ ಆಡುತ್ತಾರೆ. ಹೋಗುವವರೂ ಬರುವವರೂ ಒಂದೇ ಕುಳಿಗೆ ಆಡಿ ನೂಕುನುಗ್ಗಲಾದಾಗ ಗ್ರೀನ್‌ಗಳನ್ನು ಹಿಗ್ಗಿಸಿ ಒಂದರಲ್ಲಿ ಎರಡೆರಡು ಕುಳಿ ತೋಡಿದ್ದರು. ಅಂಥ ಏಳು ಜೋಡಿ ಗ್ರೀನ್‌ಗಳು ಹಾಗೇ ಉಳಿದಿವೆ: ಎರಡನೆಯದಕ್ಕೆ ಹದಿನಾರನೆಯದು ಜೊತೆ, ಮೂರಕ್ಕೆ ಹದಿನೈದು, ನಾಲ್ಕಕ್ಕೆ ಹದಿನಾಲ್ಕು. ಯಾವ ಜೋಡಿಯನ್ನು ಕೂಡಿಸಿದರೂ ಹದಿನೆಂಟೇ.