ಬಿ.ಎಸ್ಸಿ. ಬಿಟ್ಟು ಬಿ.ಫಾರ್ಮ್‌ಗೆ ಹೋದರೆ ಓದಿದ ವರ್ಷ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದೆ. ಈಗ ಬಿ.ಎಸ್ಸಿ. ಎರಡನೆಯ ಸೆಮಿಸ್ಟರ್‌ನಲ್ಲಿದ್ದೇನೆ, ರಸಾಯನಶಾಸ್ತ್ರ ಇಷ್ಟದ ವಿಷಯ. ಆದರೆ ಬಿ.ಫಾರ್ಮ್ ಮಾಡಬೇಕೆಂಬ ಆಸೆ ಬಿಡುತ್ತಿಲ್ಲ. ಈ ಒಂದು ವರ್ಷವನ್ನು ಲೆಕ್ಕಕ್ಕೆ ಹಿಡಿದು ನೇರವಾಗಿ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆಯೇ? ಹಿಡಿದದ್ದನ್ನು ಮುಗಿಸಿಯೇ ಹೋಗು ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಉತ್ತರ: ಇಲ್ಲ, ಸೇರಿಸಿಕೊಳ್ಳುವುದಿಲ್ಲ. ಬಿ.ಫಾರ್ಮ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರ್‌ಗಳ ಫಾರ್ಮಸಿ ಪದವಿ. ಅದರ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶ ಇರುವುದು ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ, ಪಾಸಾದವರಿಗೆ ಮಾತ್ರ. ಬಿ.ಎಸ್ಸಿ. ಒಂದು ವರ್ಷ ಓದಿರಲಿ, ಮೂರೂ ವರ್ಷ ಓದಿ ಪ್ರಥಮ ದರ್ಜೆಯಲ್ಲಿ ಪಾಸಾಗಿರಲಿ, ಫಾರ್ಮಸಿ ಕಾಲೇಜಿನಲ್ಲಿ ಕೂರಬೇಕಾದದ್ದು ಮೊದಲನೆಯ ವರ್ಷದ ಬೆಂಚಿನಲ್ಲೇ. ಎರಡನೆಯ ವರ್ಷಕ್ಕೆ ಸೇರಿಸಿಕೊಡುತ್ತೇನೆ ಎಂದು ದುಡ್ಡು ಕೇಳುವ ದಲ್ಲಾಳಿ ಎದುರಾದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾಗಿ ಅಪ್ಪನ ಮಾತನ್ನು ಒಮ್ಮೆ ಲೆಕ್ಕಕ್ಕೆ ಇಳಿಸಿ ನೋಡೋಣ. ಈಗಲೇ ಬದಲಾದರೆ ಕಳೆದ ಒಂದು ವರ್ಷ, ಮುಂದಿನ ನಾಲ್ಕು ವರ್ಷ: ಒಟ್ಟು ಐದು. ಬಿ.ಎಸ್ಸಿ. ಮುಗಿಸಿ ಹೋದರೆ ಮೂರು ಮತ್ತು ನಾಲ್ಕು: ಏಳು. ಹಿಡಿದದ್ದನ್ನು ಮುಗಿಸು ಎಂಬ ಮಾತಿನ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಕಾಲುವೆ ನೀರನ್ನು ನಂಬಿ ಭತ್ತ ಹಚ್ಚಿದವರಿಗೆ ಅರ್ಧಕ್ಕೆ ಬಿಡುವುದೆಂದರೆ ಎದೆ ಒಡೆದಂತಾಗುತ್ತದೆ. ಆದರೆ ಇಲ್ಲಿ ಮುಗಿಸಿದ್ದೂ ಮುಂದಿನ ಪದವಿಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಮಾತೂ ಇದೆ. ಒಂದು ಪದವಿ ಮುಗಿಸಿದ ಮೇಲೆ ಮತ್ತೆ ಅದೇ ಹಂತದ ಇನ್ನೊಂದು ಪದವಿಗೆ ಸೇರಿದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಸಿಗುವುದಿಲ್ಲ. ಬದಲಾಗುವುದೇ ಖಚಿತವಾದರೆ ಈ ವರ್ಷವೇ ಬದಲಾಗಿ.

ಆದರೆ ಅದು ಖಚಿತವಾಗಬೇಕು. ನಿಮ್ಮ ಪತ್ರದಲ್ಲಿ ಫಾರ್ಮಸಿ ಏಕೆ ಬೇಕು ಎಂಬ ಮಾತೇ ಇಲ್ಲ. ರಸಾಯನಶಾಸ್ತ್ರ ಇಷ್ಟ ಎಂಬುದಷ್ಟೇ ಕಾರಣವಾದರೆ ಬಿ.ಎಸ್ಸಿ. ಬಿಡಬೇಕಾಗಿಲ್ಲ. ಔಷಧ ತಯಾರಿಕೆಯ ಕಾರ್ಖಾನೆಗಳ ಬಾಗಿಲು ರಸಾಯನಶಾಸ್ತ್ರದವರಿಗೂ ತೆರೆದೇ ಇದೆ. ರಾಯಚೂರಿನಲ್ಲೇ ಶಿಲ್ಪಾ ಮೆಡಿಕೇರ್ ಇದೆ, ಪಕ್ಕದಲ್ಲಿ ಹೈದರಾಬಾದ್ ಇದೆ. ಗುಳಿಗೆಯ ಒಳಗಿನ ಮೂಲ ಔಷಧವನ್ನು ತಯಾರಿಸುವ ಘಟಕಗಳಿಗೂ ಅದನ್ನು ಪರೀಕ್ಷಿಸುವ ಪ್ರಯೋಗಾಲಯಗಳಿಗೂ ಬಿ.ಎಸ್ಸಿ., ಎಂ.ಎಸ್ಸಿ. ಓದಿದವರು ಬೇಕೇ ಬೇಕು. ತಯಾರಿಕೆಯ ಮೇಲ್ವಿಚಾರಣೆಗೆ ಅರ್ಹರು ಯಾರು ಎಂಬುದನ್ನು 1945ರ ಔಷಧ ನಿಯಮಗಳೇ ಹೇಳುತ್ತವೆ: ಫಾರ್ಮಸಿ ಪದವೀಧರರಿಗೆ 18 ತಿಂಗಳ ಅನುಭವ ಸಾಕು, ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿದ ವಿಜ್ಞಾನ ಪದವೀಧರರಿಗೆ ಮೂರು ವರ್ಷ ಬೇಕು. ದಾರಿ ಉದ್ದ, ಆದರೆ ಮುಚ್ಚಿಲ್ಲ. ಔಷಧದ ಸಗಟು ವ್ಯಾಪಾರದ ಪರವಾನಗಿಗೂ ಯಾವುದೇ ಪದವಿಯ ಜೊತೆಗೆ ಔಷಧ ವ್ಯಾಪಾರದ ಒಂದು ವರ್ಷದ ಅನುಭವವಿದ್ದರೆ ನಡೆಯುತ್ತದೆ.

ಬಿ.ಎಸ್ಸಿ.ಗೆ ತೆರೆಯದ ಬಾಗಿಲುಗಳು ಬೇರೆ. ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸವನ್ನು 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಬಿಟ್ಟಿದೆ. ನಮ್ಮ ಕಡೆ ಇದರ ಬೆಲೆ ಎಷ್ಟೆಂದು ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ. ಖಾಲಿಯಾದ ಗುಳಿಗೆಯ ಹಾಳೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ, ‘ಇಂಥವೇ ನಾಲ್ಕು ಕೊಡಿ’ ಎನ್ನುವ ಅಜ್ಜಿ ಬರುತ್ತಾರೆ. ಅದು ಮಂಡಿನೋವಿನ ಗುಳಿಗೆ. ಅವರು ರಕ್ತದೊತ್ತಡಕ್ಕೂ ಮಾತ್ರೆ ನುಂಗುತ್ತಿರುತ್ತಾರೆ, ಕಾಲು ಬಾವಿಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇರುತ್ತದೆ. ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಗುಳಿಗೆ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬೇಸಿಗೆಯ ಬಿಸಿಲಿನಲ್ಲಿ ನೀರಿಲ್ಲದೆ ದುಡಿದ ದೇಹಕ್ಕಂತೂ ಇನ್ನೂ ಬೇಗ. ಹಾಳೆಯನ್ನು ತಿರುಗಿಸಿ ನೋಡಿ, ‘ಅವ್ವಾ, ಮತ್ತೆ ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳುವವರು ಅಲ್ಲಿ ಇರಬೇಕು. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ ತೂಗುಹಾಕಿ, ಗುಳಿಗೆ ಕೊಡುವ ಕೈ ಮಾತ್ರ ಇನ್ನೊಬ್ಬರದಾಗಿರುವ ಅಂಗಡಿಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಕ್ಕಾಗಿ ಫಾರ್ಮಸಿ ಓದುವುದಾದರೆ ದಯವಿಟ್ಟು ಓದಬೇಡಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ರಕ್ತನಾಳಕ್ಕೆ ಹನಿಹನಿಯಾಗಿ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಬಿದ್ದು, ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಇಂಥ ಬಾಟಲಿಯ ಮಾದರಿಯನ್ನು ಅಂಗಡಿಯಿಂದ, ಉಗ್ರಾಣದಿಂದ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಡ್ರಗ್ಸ್ ಇನ್‌ಸ್ಪೆಕ್ಟರ್ ಅವರದು. ಆ ಹುದ್ದೆಗೂ ಬಿ.ಎಸ್ಸಿ. ಸಾಲದು, ಫಾರ್ಮಸಿ ಪದವಿ ಬೇಕು. ಅಂಗಡಿ, ಆಸ್ಪತ್ರೆಯ ಔಷಧ ವಿಭಾಗ, ತಪಾಸಣೆ: ಮನಸ್ಸು ಈ ಮೂರರ ಕಡೆ ಎಳೆಯುತ್ತಿದ್ದರೆ ಬದಲಾಗಿ. ಆಗ ಹೋದ ಒಂದು ವರ್ಷಕ್ಕೆ ಮರುಗಬೇಕಾಗಿಲ್ಲ.

ಅಂಗಡಿಯೊಂದೇ ಗುರಿಯಾದರೆ ಎರಡು ವರ್ಷದ ಡಿ.ಫಾರ್ಮ್ ಮತ್ತು 500 ಗಂಟೆಗಳ ತರಬೇತಿಯ ದಾರಿಯೂ ಇದೆ. ಅದನ್ನು ಮುಗಿಸಿ ಬಿ.ಫಾರ್ಮ್ ಎರಡನೆಯ ವರ್ಷಕ್ಕೂ ಹೋಗಬಹುದು, ಆದರೆ ಆಗ ಎರಡಕ್ಕೂ ಸೇರಿ ಐದು ವರ್ಷ. ಆರು ವರ್ಷದ ಫಾರ್ಮ್.ಡಿ. ಕೂಡ ಇದೆ. ಅದು ಆಸ್ಪತ್ರೆಯಲ್ಲಿ ರೋಗಿಯ ಬಳಿ ನಿಂತು ಕಲಿಯುವ ಓದು.

ಇನ್ನು ಸೀಟಿನ ವಿಚಾರ. ಬಿ.ಫಾರ್ಮ್‌ನ ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆಯಬೇಕು. ಪಿಯುಸಿ ಮುಗಿದು ವರ್ಷವಾಗಿದ್ದರೂ ಬರೆಯಬಹುದು. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಗಣಿತ ಅಥವಾ ಜೀವಶಾಸ್ತ್ರ, ಒಂದೊಂದಕ್ಕೂ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ರ‍್ಯಾಂಕ್ ಹಾಕುವಾಗ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು. ಆದ್ದರಿಂದ ಪಿಯುಸಿ ಪುಸ್ತಕಗಳನ್ನು ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ತನ್ನಿ.

ನಮ್ಮ ಜಿಲ್ಲೆಗಳ ಮಕ್ಕಳು ಕೈಬಿಡಬಾರದ ಒಂದು ಹಕ್ಕಿದೆ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಇಲ್ಲಿನ ಸ್ಥಳೀಯರಿಗೆ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ಸಿಂಧನೂರಿನವರಿಗೆ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಇವೆರಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳು ಬೇಕು. ಇವನ್ನು ಅರ್ಜಿ ಹಾಕುವ ಮುಂಚೆಯೇ ಹೊಂದಿಸಿಕೊಳ್ಳಿ. ಕಾಗದ ಸಮಯಕ್ಕೆ ಸಿಗದೆ ಸೀಟು ಕಳೆದುಕೊಂಡ ಜಾಣ ಮಕ್ಕಳನ್ನು ನಾನು ನೋಡಿದ್ದೇನೆ.

ಕಾಲೇಜು ಆರಿಸುವಾಗ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲೇ ನೋಡಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಫಾರ್ಮಸಿಸ್ಟ್ ಎಂದು ನೋಂದಣಿಯೇ ಆಗುವುದಿಲ್ಲ. ರಾಯಚೂರಿನಲ್ಲಿ ವಿ.ಎಲ್. ಫಾರ್ಮಸಿ ಕಾಲೇಜು, ಬಳ್ಳಾರಿಯಲ್ಲಿ ಟಿ.ವಿ.ಎಂ. ಫಾರ್ಮಸಿ ಕಾಲೇಜು ಇವೆ. ಊರಿನಿಂದ ಹೋಗಿಬರುವ ಯೋಚನೆ ಇದ್ದರೆ ಬಿಡಿ. ತರಗತಿಗೂ ಪ್ರಯೋಗಾಲಯಕ್ಕೂ ಪ್ರತ್ಯೇಕವಾಗಿ ಶೇ 80ರಷ್ಟು ಹಾಜರಾತಿ ಬೇಕು. ಹಾಸ್ಟೆಲ್ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.

ಒಂದು ಎಚ್ಚರಿಕೆ: ಸೀಟು ಕೈಗೆ ಬರುವವರೆಗೆ ಬಿ.ಎಸ್ಸಿ. ಕಾಲೇಜಿನಿಂದ ವರ್ಗಾವಣೆ ಪತ್ರ ತೆಗೆಸಬೇಡಿ, ಎರಡನೆಯ ಸೆಮಿಸ್ಟರ್ ಪರೀಕ್ಷೆಯನ್ನು ತಪ್ಪಿಸಬೇಡಿ. ಹೊರಡುವಾಗ ಮೂಲ ಅಂಕಪಟ್ಟಿಗಳನ್ನು ಕೊಡಲು ಯಾರಾದರೂ ತಕರಾರು ತೆಗೆದರೆ, ಮೂಲ ದಾಖಲೆಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸೂಚಿಸಿದೆ ಎಂದು ವಿನಯದಿಂದ ನೆನಪಿಸಿ.

ಅಪ್ಪನ ಮುಂದೆ ಐದು ಮತ್ತು ಏಳರ ಲೆಕ್ಕವನ್ನು ಬರೆದು ಇಡಿ. ಲಿಂಗಸುಗೂರಿಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ. ಸ್ಥಳೀಯರೆಂದು ತೋರಿಸುವ ಹಳೆಯ ಕಾಗದಗಳು ಹೇಗಿದ್ದರೂ ಅವರ ಪೆಟ್ಟಿಗೆಯಲ್ಲೇ ಇರುತ್ತವೆ.