ಹಿಟ್ಟು ಅಗಿಯುವ ಭಾವ

ಹಿಟ್ಟು ಅಗಿಯುವವನನ್ನು ಮಂಡ್ಯದ ಕಡೆ ಜನ ಒಂಥರಾ ನೋಡುತ್ತಾರೆ. ಹಿಟ್ಟೆಂದರೆ ರಾಗಿಮುದ್ದೆ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗಬೇಕು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಕಳೆದ ಬೇಸಿಗೆಯಲ್ಲಿ ಮದ್ದೂರಿನ ಹತ್ತಿರ ಒಂದು ಬೀಗರೂಟ. ನನ್ನ ಪಕ್ಕ ಕೂತಿದ್ದ ಭಾವ ಗೋಲಿ ಗಾತ್ರದ ಹಿಟ್ಟು ಮುರಿದು ಬಾಯಿಗಿಟ್ಟು ಇಪ್ಪತ್ತು ಇಪ್ಪತ್ತೈದು ಸಲ ಅಗಿದ. ಎದುರು ಪಂಕ್ತಿಯ ಅಜ್ಜಿಗೆ ತಡೆಯಲಾಗಲಿಲ್ಲ. "ಯಾಕ್ಲಾ ಮಗ, ಹಲ್ ನೋವಾ?"

"ಇಲ್ಲ ಕಣಜ್ಜಿ, ಹೊಟ್ಟೆ ಚಿಕ್ಕದು."

ಅಜ್ಜಿ ನಕ್ಕು ಇನ್ನೊಂದು ಹಿಟ್ಟು ಹಾಕಿಸಲು ಕೈ ಬೀಸಿದಳು. ತಮಾಷೆ ಅಂದುಕೊಂಡಿರಬೇಕು.

ಭಾವನಿಗೆ (ನನಗಿಂತ ಚಿಕ್ಕವನು, ಹಾಗಾಗಿ ಏಕವಚನ) ಮೈಸೂರಿನಲ್ಲಿ ತೂಕ ಇಳಿಸುವ ಆಪರೇಷನ್ ಆಗಿ ಏಳು ವರ್ಷವಾಯಿತು. ಆಗ ಅವನ ತೂಕ 120 ಕೆ.ಜಿ., ಜೊತೆಗೆ ಸಕ್ಕರೆ ಕಾಯಿಲೆ. ಮಾಡಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಅನ್ನನಾಳದ ಬುಡದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವೊಂದನ್ನು ಉಳಿದ ಹೊಟ್ಟೆಯಿಂದ ಬೇರ್ಪಡಿಸಿ, ಅದಕ್ಕೆ ಸಣ್ಣಕರುಳಿನ ಕೆಳಗಿನ ಭಾಗವನ್ನು ತಂದು ಹೊಲಿಯುತ್ತಾರೆ. ಕೋಳಿಮೊಟ್ಟೆಗಿಂತ ಚಿಕ್ಕ ಚೀಲ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ರಸವನ್ನೂ ಸುರಿಸುತ್ತದೆ, ಆದರೆ ಊಟ ಆ ದಾರಿಯಲ್ಲಿ ಬರುವುದಿಲ್ಲ. ಊರಿಗೆ ಬೈಪಾಸ್ ರಸ್ತೆ ಬಂದ ಮೇಲೆ ಹಳೇ ಬಸ್‌ಸ್ಟ್ಯಾಂಡಿನ ಹೋಟೆಲು ಇರುತ್ತದಲ್ಲ, ಹಾಗೆ.

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು. ಎಲ್ಲರೂ ಹೇಳುವ ಲೆಕ್ಕ ಇಷ್ಟೇ. 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಈ ಆಪರೇಷನ್ ಶುರುಮಾಡಿದ ಎಡ್ವರ್ಡ್ ಮೇಸನ್ ಎಂಬ ಸರ್ಜನ್ನರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಹುಣ್ಣಿಗಾಗಿ ಹೊಟ್ಟೆಯ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪಗಾಗದೇ ಇದ್ದುದನ್ನು ಅವರು ಗಮನಿಸಿದ್ದರು. ಆದರೆ ಭಾವನ ಸಕ್ಕರೆ ಆಪರೇಷನ್ನಾದ ಮೊದಲ ವಾರದಲ್ಲೇ, ಮೈ ಇನ್ನೂ ಇಳಿಯುವ ಮುಂಚೆಯೇ, ಇಳಿದಿತ್ತು. ಊಟ ದಿಢೀರನೆ ಕಡಿಮೆಯಾದದ್ದು ಒಂದು ಕಾರಣ. ಇನ್ನೊಂದು, ಕರುಳು ಕಳಿಸುವ ಸುದ್ದಿಯೇ ಬದಲಾಗಿಬಿಟ್ಟದ್ದು. ಅರೆಜೀರ್ಣವಾದ ಊಟ ಕರುಳಿನ ಕೆಳಭಾಗಕ್ಕೆ ಬೇಗ ತಲುಪಿದರೆ ಅಲ್ಲಿನ ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಧಾರಾಳವಾಗಿ ಬಿಡುತ್ತವೆ. ಅದು ಮೇದೋಜೀರಕಕ್ಕೆ ಇನ್ಸುಲಿನ್ ಬಿಡು ಎನ್ನುತ್ತದೆ, ಮಿದುಳಿಗೆ ಸಾಕು ಎನ್ನುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕದ ಇಂಜೆಕ್ಷನ್ನು, ಸೆಮಾಗ್ಲೂಟೈಡ್, ಇದೇ ಹಾರ್ಮೋನಿನ ಅನುಕರಣೆ. ಹೊಟ್ಟೆಯ ಮುಕ್ಕಾಲು ಭಾಗವನ್ನೇ ಕತ್ತರಿಸಿ ತೆಗೆಯುವ ಸ್ಲೀವ್ ಎಂಬ ಇನ್ನೊಂದು ಆಪರೇಷನ್ನಿನಲ್ಲಿ, ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನು ಬಹುಪಾಲು ತಯಾರಾಗುವ ಜಾಗವೂ ಹೊರಗೆ ಹೋಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಘ್ರೆಲಿನ್ ಪತ್ತೆಹಚ್ಚುವ ತನಕ ಅದೆಷ್ಟು ದೊಡ್ಡ ಮಾತೆಂದು ಯಾರಿಗೂ ಗೊತ್ತಿರಲಿಲ್ಲ.

ಮೊದಲ ಒಂದೂವರೆ ವರ್ಷ ಹಬ್ಬ. ತೂಕ 82ಕ್ಕೆ ಇಳಿಯಿತು. ನಡುವೆ ತಲೆಕೂದಲು ಗೊಂಚಲು ಗೊಂಚಲಾಗಿ ಉದುರಿ ಮತ್ತೆ ಬಂತು. ತೋಳು, ಹೊಟ್ಟೆಯ ಚರ್ಮ ಜೋತುಬಿದ್ದದ್ದು ಮಾತ್ರ ಹಾಗೇ ಉಳಿದಿದೆ. ಬೇಸಿಗೆಯಲ್ಲಿ ಆ ಮಡಿಕೆಗಳಲ್ಲಿ ಬೆವರು ನಿಂತು ಕಜ್ಜಿಯಾಗುತ್ತದೆ. ಊರಿನವರ ಕಣ್ಣಿಗೆ ಅವನು ಸೊರಗಿದ್ದ. ನಮ್ಮ ಭಾಷೆಯಲ್ಲಿ ಮೈಕೈ ತುಂಬಿಕೊಂಡವನು ಬಾಳುತ್ತಿರುವವನು, ಇಳಿದವನು ಕಾಯಿಲೆಯವನು. "ಆಪರೇಷನ್ ಮಾಡಿಸ್ದೆ" ಅಂದರೆ "ಅಯ್ಯೋ, ಯಾವ ಕಾಯ್ಲೆಗೆ?" ಎಂಬ ಪ್ರಶ್ನೆ.

ಮೊದಲ ಎಡವಟ್ಟು ನಡೆದದ್ದು ಆಲೆಮನೆಯಲ್ಲಿ. ಮಂಡ್ಯದಲ್ಲಿ ಹುಟ್ಟಿ ಕಬ್ಬಿನ ಹಾಲು ಬೇಡ ಎನ್ನುವುದು ಸುಲಭವಲ್ಲ. ಒಂದು ಚೊಂಬು ಎತ್ತಿ ಕುಡಿದ. ಇಪ್ಪತ್ತು ನಿಮಿಷಕ್ಕೆ ಮುಖ ಬಿಳಿಚಿಕೊಂಡು, ಎದೆ ಡವಡವ ಹೊಡೆದುಕೊಂಡು, ಬೆವರಿನಲ್ಲಿ ತೊಯ್ದು, ಒಣಗಿದ ಕಬ್ಬಿನ ಸಿಪ್ಪೆಯ ಮೇಲೆ ಮಲಗಿಬಿಟ್ಟ. ಹೃದಯಾಘಾತವೆಂದು ನಾವು ಕಾರು ತರಿಸಿದೆವು. ಅದು ಡಂಪಿಂಗ್. ಸಾಮಾನ್ಯವಾಗಿ ಹೊಟ್ಟೆ ಒಂದು ತೂಬಿದ್ದಂತೆ, ಒಳಗಿದ್ದುದನ್ನು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಅವನಿಗೆ ಆ ತೂಬೇ ಇಲ್ಲ. ಸಾಂದ್ರ ಸಕ್ಕರೆ ನೇರ ಕರುಳಿಗೆ ಬಿದ್ದು, ರಕ್ತದಲ್ಲಿದ್ದ ನೀರನ್ನು ತನ್ನತ್ತ ಎಳೆದುಕೊಂಡಿತು. ಅಲ್ಲಿಗೆ ಮುಗಿಯಲೂ ಇಲ್ಲ. ಸರ್ರನೆ ಏರಿದ ಸಕ್ಕರೆಗೆ ಇನ್ಸುಲಿನ್ ಮಿತಿಮೀರಿ ಸುರಿದು, ಎರಡು ಗಂಟೆ ಬಿಟ್ಟು ಸಕ್ಕರೆ ತೀರಾ ಕೆಳಗಿಳಿದು ಕೈ ನಡುಗಿತು. ಅಂದಿನಿಂದ ಆಲೆಮನೆಗೆ ಹೋದರೆ ಬೆರಳ ತುದಿಯಲ್ಲಿ ಬಿಸಿಬೆಲ್ಲ ನೆಕ್ಕುತ್ತಾನೆ, ಅಷ್ಟೇ.

ಎಣ್ಣೆಯೂ ಹೀಗೆಯೇ. ಬೇಗ ರಕ್ತಕ್ಕೇರುತ್ತದೆ, ಮೊದಲಿಗಿಂತ ಮೇಲಕ್ಕೇರುತ್ತದೆ. ಬೈಪಾಸ್ ಆದವರಲ್ಲಿ ಕುಡಿತದ ಚಟ ಮೊದಲ ವರ್ಷವಲ್ಲ, ಎರಡನೇ ವರ್ಷ ಹೆಚ್ಚಿತೆಂದು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬೀಗರೂಟದ ಹಿಂಬದಿ ನಡೆಯುವ ವ್ಯವಹಾರದಿಂದ ಅವನು ದೂರ ಇದ್ದಾನೆ. ಇದನ್ನು ನನ್ನ ತಂಗಿ ಓದಲಿ ಎಂದೇ ಬರೆದೆ.

ನಿಜವಾದ ಕಷ್ಟ ಬಂದದ್ದು ಎಲ್ಲ ಮುಗಿಯಿತು ಅಂದುಕೊಂಡ ಮೇಲೆ. ಐದನೇ ವರ್ಷದ ಒಂದು ಸಂಜೆ ನಾಲೆ ಏರಿಯ ಮೇಲೆ ನಡೆದು ಮನೆಗೆ ಬಂದ. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೆಂದು ಕೇಳಿದರೆ ಕಾಲು ನೋಡಿಕೊಂಡು ಬೆಚ್ಚಿದ. ಕಳಚಿದ್ದೇ ಅವನಿಗೆ ಗೊತ್ತಾಗಿರಲಿಲ್ಲ. ತಿಂಗಳುಗಳಿಂದ ಪಾದ ಜೋಮು ಹಿಡಿಯುತ್ತಿತ್ತಂತೆ, ಹಳೇ ಸಕ್ಕರೆಯದೇ ಇರಬೇಕೆಂದು ಸುಮ್ಮನಿದ್ದ. ರಕ್ತ ನೋಡಿದರೆ ವಿಟಮಿನ್ ಬಿ12 ಪಾತಾಳದಲ್ಲಿತ್ತು. ಬೈಪಾಸ್ ಆದವರು ಬದುಕಿಡೀ ನುಂಗಬೇಕಾದ ವಿಟಮಿನ್ ಮಾತ್ರೆಯನ್ನು ಮೂರನೇ ವರ್ಷವೇ ಬಿಟ್ಟಿದ್ದ. ಯಾಕೆಂದರೆ ಆರಾಮಾಗಿದ್ದ.

ಈ ವಿಟಮಿನ್ನಿನ ಮೋಸವೇ ಅದು. ನಮಗೆ ದಿನಕ್ಕೆ ಬೇಕಾದದ್ದು ಎರಡು ಎರಡೂವರೆ ಮೈಕ್ರೋಗ್ರಾಂ ಮಾತ್ರ, ಪಿತ್ತಜನಕಾಂಗದಲ್ಲಿ ಕೂಡಿಟ್ಟಿರುವುದು ವರ್ಷಗಟ್ಟಲೆಗಾಗುವಷ್ಟು. ಮಾಂಸದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳಲು ಹೊಟ್ಟೆಯ ಗೋಡೆ ಸ್ರವಿಸುವ ಒಂದು ಪ್ರೊಟೀನು ಅದರ ಕೈಹಿಡಿದಿರಬೇಕು. ಬೈಪಾಸ್ ಆದವರಲ್ಲಿ ಎರಡೂ ಕಡಿಮೆ. ಹೀಗಾಗಿ ಬೀಗರೂಟದ ಮಟನ್ನು ಎಷ್ಟು ತಿಂದರೂ ಪ್ರಯೋಜನ ಅಷ್ಟಕ್ಕಷ್ಟೆ. ಕಣಜ ಕರಗುವ ಅಷ್ಟೂ ವರ್ಷ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ಖಾಲಿಯಾದ ಮೇಲೆ ಕೆಡುವುದು ನರ, ಅದು ಪೂರ್ತಿ ರಿಪೇರಿಯಾಗುವ ಭರವಸೆ ಇಲ್ಲ. ಇಂಜೆಕ್ಷನ್ನಿನ ನಂತರ ಭಾವನ ಬಲಗಾಲು ಸರಿಹೋಗಿದೆ. ಎಡಪಾದದ ಹೆಬ್ಬೆರಳು ಈಗಲೂ ಮಂಕು. ಅವನೀಗ ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನೇ ಕೊಳ್ಳುವುದು.

ಕ್ಯಾಲ್ಸಿಯಂ ಮಾತ್ರೆಯೂ ಬೇಕು ಅಂದದ್ದಕ್ಕೆ, ರಾಗಿ ತಿನ್ನುವವರಿಗೆ ಸುಣ್ಣದ ಅಂಶ ಕಡಿಮೆಯಾಗುತ್ತದೆಯೇ ಎಂದು ಅತ್ತೆ ವಾದಿಸಿದರು. ಮಾತಿನಲ್ಲಿ ಹುರುಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅವನಿಗೆ ದಿನಕ್ಕೆ ಬೇಕಾದದ್ದು 1200ರಿಂದ 1500, ತಿನ್ನುವುದು ನಿಂಬೆಗಾತ್ರದ ಹಿಟ್ಟು. ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಮುಖ್ಯವಾಗಿ ಹೀರಿಕೊಳ್ಳುವ ಕರುಳಿನ ಮೊದಲ ತುಂಡನ್ನೇ ಊಟ ಈಗ ಮುಟ್ಟುವುದಿಲ್ಲ. ಇವೆರಡನ್ನೂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ರಾಗಿಯ ಅಂಶ ಬೇರೆ ಅಡ್ಡಗಾಲು ಹಾಕುತ್ತದೆ. ಆದ್ದರಿಂದ ಆಮ್ಲವಿಲ್ಲದೆಯೂ ಕರಗುವ ಕ್ಯಾಲ್ಸಿಯಂ ಸಿಟ್ರೇಟ್, ಅದಾಗಿ ಎರಡು ಗಂಟೆ ಬಿಟ್ಟು ಕಬ್ಬಿಣ, ಕಬ್ಬಿಣದ ಹತ್ತಿರ ಟೀ ಕೂಡದು. ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಕಾಳು, ಹಿಟ್ಟು ಆಮೇಲೆ. ಅತ್ತೆಗೆ ಸಿಟ್ಟು ಬರುವುದು ಈ ಕೊನೆಯದಕ್ಕೆ.

ತೂಕ ಈಗ 91. "ಆಪರೇಷನ್ನು ಫೇಲಾಯ್ತು" ಎಂದು ನೆಂಟರು ಪಿಸುಗುಡುತ್ತಾರೆ. 1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನವನ್ನು ಅವರ ಮುಂದಿಡಬೇಕೆನಿಸುತ್ತದೆ. ಅಲ್ಲಿ ಬೈಪಾಸ್ ಆದವರು ಮೊದಲೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿದು, ಹತ್ತು ವರ್ಷಕ್ಕೆ ಶೇ. 25ಕ್ಕೆ ಬಂದು ನಿಂತರು. ಭಾವ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದ್ದಾನೆ. ಚಿಕ್ಕದಾದ ಮೈ ಸುಡುವ ಕ್ಯಾಲೊರಿಯೂ ಕಡಿಮೆ, ಹಸಿವೂ ಕಾಲಕ್ರಮೇಣ ಸ್ವಲ್ಪ ಮರಳುತ್ತದೆ. ಚಕ್ಕುಲಿ, ಖಾರದಂಥವು ಅಗಿದರೆ ಪುಡಿಯಾಗಿ ಸಲೀಸಾಗಿ ಜಾರಿಬಿಡುತ್ತವೆ. ಅದೇ ಅಧ್ಯಯನ 2020ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು: ಆಪರೇಷನ್ ಆದವರು, ಆಗದ ಅಷ್ಟೇ ದಪ್ಪನೆಯವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು. ಸಾಮಾನ್ಯ ಜನರಿಗಿಂತ ಮಾತ್ರ ಐದೂವರೆ ವರ್ಷ ಕಡಿಮೆ. ನನಗೆ ಎರಡೂ ಸಂಖ್ಯೆ ಬೇಕು. ಜಾಹೀರಾತಿನಲ್ಲಿ ಒಂದೇ ಇರುತ್ತದೆ.

ಚಪ್ಪಲಿ ಪ್ರಸಂಗದ ನಂತರ ವರ್ಷಕ್ಕೊಮ್ಮೆ ಮೈಸೂರಿಗೆ ರಕ್ತ ಕೊಡಲು ನಾನೇ ಜೊತೆಗೆ ಹೋಗುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬೆಳಗಿನ ರೈಲು, ಆಮೇಲೆ ಹೋಟೆಲು. ಪ್ಲೇಟಿನಲ್ಲಿ ಎರಡು ಇಡ್ಲಿ ಬರುತ್ತವೆ. ಅವನು ಒಂದನ್ನು ಇಪ್ಪತ್ತು ನಿಮಿಷ ತಿನ್ನುತ್ತಾನೆ, ನೀರು ಮುಟ್ಟುವುದಿಲ್ಲ, ಇನ್ನೊಂದನ್ನು ನನ್ನತ್ತ ತಳ್ಳುತ್ತಾನೆ. ನಾನು ಆಗಲೇ ಮಸಾಲೆದೋಸೆ ಮುಗಿಸಿರುತ್ತೇನೆ. ಆದರೂ ತಿನ್ನುತ್ತೇನೆ. ಕಳೆದ ಸಲ ಲ್ಯಾಬಿನ ತಕ್ಕಡಿಯ ಮೇಲೆ ತಮಾಷೆಗೆಂದು ಹತ್ತಿದೆ: 93.